ವಾಸಿಯಾದ ಕಾಲು

ಆ ಗುರುವಾರ ಬೆಳಿಗ್ಗೆ ಸಬಾತಿನೊ ಎಡಗಾಲನ್ನು ಎಳೆದುಕೊಂಡು ಚರ್ಚಿನ ಮೂಲೆಯವರೆಗೆ ಬಂದ. ಅಲ್ಲಿ ಗೋಡೆಗೆ ಕೈಯೂರಿ ನಿಂತು, ಹಿಂದೆ ಮುಂದೆ ಯಾರೂ ಇಲ್ಲವೆಂದು ಖಾತ್ರಿಮಾಡಿಕೊಂಡು, ಟೊಪ್ಪಿ ಸರಿಪಡಿಸಿಕೊಂಡು, ಬಲಗಾಲನ್ನು ಕುಂಟಿಸತೊಡಗಿದ. ನೋವಿದ್ದದ್ದು ಎಡಗಾಲಲ್ಲಿ. ಬಲಗಾಲಿಗೆ ಎಂಬತ್ತಮೂರು ವರ್ಷದಲ್ಲಿ ಒಂದೆರಡು ಮುಳ್ಳು ಚುಚ್ಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಮೂರು ದಿನದಿಂದ ಅಡುಗೆಮನೆಯಲ್ಲಿ, ಒಲೆಯಿಂದ ಮೇಜಿಗೆ, ಮೇಜಿನಿಂದ ಒಲೆಗೆ, ಇದನ್ನು ಅಭ್ಯಾಸ ಮಾಡಿದ್ದ. ಆದರೆ ಅಡುಗೆಮನೆಯಲ್ಲಿ ಹೊಳೆಯದ ಒಂದು ಸಂಗತಿ ಇಳಿಜಾರಿನ ಕಲ್ಲುದಾರಿಯಲ್ಲಿ ಹೊಳೆಯಿತು. ಬಲಗಾಲು ನೋಯುವವನಂತೆ ನಡೆಯಬೇಕಾದರೆ ಮೈಭಾರವೆಲ್ಲ ಎಡಗಾಲಿನ ಮೇಲೆ ಬೀಳಬೇಕು. ಸುಳ್ಳುಕಾಲು ಹಗುರಾಗಿ ತೇಲುತ್ತಿತ್ತು, ನಿಜವಾದ ಕಾಲು ಸೊಂಟದವರೆಗೆ ಚುರ್ರೆನ್ನುತ್ತಿತ್ತು. ಇಪ್ಪತ್ತೊಂದರ ವಯಸ್ಸಿನಲ್ಲಿ ಕುಂಟುವುದು ಎಷ್ಟು ಸಲೀಸಾಗಿತ್ತು ಎಂದುಕೊಂಡ. ಆಗ ಯಾವ ಕಾಲೂ ನೋಯುತ್ತಿರಲಿಲ್ಲ.

ಎಡಗಾಲನ್ನು ಡಾಕ್ಟರಿಗೆ ತೋರಿಸುವ ಹಾಗಿರಲಿಲ್ಲ. ಅದು ವಾಸಿಯಾದ ಕಾಲು. ಕಾಸ್ತೆಲ್‌ಮುರೊದ ದವಾಖಾನೆ ನಿಂತಿರುವುದೇ ಅದರ ಮೇಲೆ. ಐವತ್ತೇಳನೇ ಇಸವಿಯ ಚಳಿಗಾಲದ ಕೊನೆಯಲ್ಲಿ ನೇಪಲ್ಸ್‌ನಿಂದ ಅಮೆದೆಯೊ ಡಾಕ್ಟರು ಒಂದು ಚರ್ಮದ ಚೀಲ, ಎರಡು ಪೆಟ್ಟಿಗೆ ಪುಸ್ತಕ ಹಿಡಿದುಕೊಂಡು ಬಂದು, ಎಣ್ಣೆಗಾಣದ ಮೇಲಿನ ಒಂದೇ ಒಂದು ಕೋಣೆಯಲ್ಲಿ ಕೂತಾಗ ಅವರ ಹತ್ತಿರ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಊರಿಗೆ ಕ್ಷೌರಿಕ ತದ್ದೇಯೊ ಇದ್ದ. ಗಡ್ಡ ಬೋಳಿಸುವವನೂ ಅವನೇ, ಹಲ್ಲು ಕೀಳುವವನೂ ಅವನೇ, ಜಿಗಣೆ ಹಚ್ಚಿ ಕೆಟ್ಟ ರಕ್ತ ತೆಗೆಯುವವನೂ ಅವನೇ, ಮೂರಕ್ಕೂ ಟವೆಲು ಒಂದೇ. ಪಟ್ಟಣದ ಹುಡುಗ ಪುಸ್ತಕ ನೋಡಿ ಮದ್ದು ಕೊಡುತ್ತಾನಂತೆ ಎಂದು ಜನ ನಗುತ್ತಿದ್ದರು. ಹೊಸ ಡಾಕ್ಟರು ಕಿಟಕಿಯಲ್ಲಿ ನಿಂತು, ಕೆಳಗೆ ಕತ್ತೆಗಳ ಮೇಲೆ ಆಲಿವ್ ಮೂಟೆ ಬರುವುದನ್ನು ನೋಡುತ್ತ, ಮೈಬಟ್ಟೆಯೆಲ್ಲ ಎಣ್ಣೆ ವಾಸನೆ ಹಿಡಿಸಿಕೊಳ್ಳುತ್ತ ದಿನ ಕಳೆದರು. ಅವರ ಹತ್ತಿರ ಮೊದಲು ಹೋದ ಕಾಯಿಲೆಯವನು ಸಬಾತಿನೊ. ಒಂಬತ್ತು ಗುರುವಾರ ಸೂಜಿ ಚುಚ್ಚಿಸಿಕೊಂಡ ಮೇಲೆ, ಒಂದು ಭಾನುವಾರ ಪೂಜೆ ಮುಗಿದು ಜನ ಹೊರಗೆ ಬರುವ ಹೊತ್ತಿಗೆ, ಚರ್ಚಿನ ಮೆಟ್ಟಿಲ ಮೇಲೆ ಕೋಲನ್ನು ಬಿಸಾಕಿ ನೆಟ್ಟಗೆ ನಡೆದುಬಿಟ್ಟ. ಮಾರನೆಯ ದಿನ ಗಾಣದ ಮೆಟ್ಟಿಲ ಮೇಲೆ ಹದಿನೇಳು ಜನ ಕೂತಿದ್ದರು. ತದ್ದೇಯೊನ ಅಂಗಡಿಗೆ ಗಡ್ಡದವರು ಮಾತ್ರ ಉಳಿದರು.

ಆ ಕೋಲು ಈಗಲೂ ದವಾಖಾನೆಯ ಗೋಡೆಯ ಮೇಲೆ ಎರಡು ಮೊಳೆಗಳ ನಡುವೆ ಇದೆ. ಡಾಕ್ಟರು ಬೇಡವೆಂದರೂ ಊರವರೇ ತಂದು ಹೊಡೆದದ್ದು, ಸಂತ ರೋಕನಿಗೆ ಹರಕೆ ಒಪ್ಪಿಸುವ ಹಾಗೆ. ದವಾಖಾನೆ ಗಾಣದ ಮಾಳಿಗೆಯಿಂದ ಹಳೆಯ ಶಾಲೆಯ ಕೆಳ ಅಂತಸ್ತಿಗೆ ಇಳಿದಾಗ ಕೋಲೂ ಇಳಿಯಿತು. ಈ ಭಾನುವಾರ ಅದು ಮತ್ತೆ ಹೊರಡಬೇಕು. ಕೆಳಗಿನ ರಸ್ತೆಯಲ್ಲಿ ತಾನೇ ತೆರೆದುಕೊಳ್ಳುವ ಗಾಜಿನ ಬಾಗಿಲಿನ, ಮೂವರು ಡಾಕ್ಟರುಗಳ ಹೊಸ ಕಟ್ಟಡ ಎದ್ದಿತ್ತು. ಅಮೆದೆಯೊ ಡಾಕ್ಟರ ಮೊಮ್ಮಗಳು ಇರೇನೆ, ಈಗ ಅವಳೇ ದೊಡ್ಡ ಡಾಕ್ಟರು, ಸೋಮವಾರ ಸಬಾತಿನೊನ ಮನೆಗೆ ಬಂದು, ಕೊಟ್ಟ ಕಾಫಿಗೆ ಸಕ್ಕರೆ ಬೇಡವೆಂದು, ಭಾನುವಾರ ಉದ್ಘಾಟನೆಗೆ ನೀವೇ ಮೂರು ಮೆಟ್ಟಿಲು ಹತ್ತಿ ಪರದೆ ಎಳೆಯಬೇಕು, ಭಾಷಣ ಏನೂ ಬೇಡ, ಕೋಲಿಲ್ಲದೆ ಹತ್ತಿದರೆ ಅದೇ ದವಾಖಾನೆಯ ಚರಿತ್ರೆ ಎಂದು ಹೇಳಿ ಹೋಗಿದ್ದಳು. ಸಬಾತಿನೊ ಆಗಲಿ ಎಂದಿದ್ದ. ಅವಳು ಹೋದ ಮೇಲೆ ಹಿತ್ತಲ ಮೂರು ಮೆಟ್ಟಿಲು ಹತ್ತಿ ನೋಡಿದ. ಎರಡನೆಯದರ ಮೇಲೆ ಎಡಗಾಲು ಮಡಚಿಕೊಂಡು ಕೋಳಿಗೂಡಿನ ಮೇಲೆ ಬಿದ್ದ. ಇಡೀ ಊರಿನ ಎದುರು ವಾಸಿಯಾದ ಕಾಲು ಹೀಗೆ ಮಡಚಿಕೊಂಡರೆ ಬೀಳುವವನು ತಾನೊಬ್ಬನೇ ಅಲ್ಲ, ಸತ್ತು ಸಮಾಧಿಯಲ್ಲಿರುವ ಅಮೆದೆಯೊ ಡಾಕ್ಟರೂ ಬೀಳುತ್ತಾರೆ ಎಂದು ಕೋಳಿಗಳ ನಡುವೆ ಮಲಗಿದ್ದಾಗಲೇ ಅವನಿಗೆ ಅನ್ನಿಸಿತು. ಹಾಗೆ ಹುಟ್ಟಿದ್ದು ಬಲಗಾಲಿನ ಉಪಾಯ. ಬಲಗಾಲು ಸರಿಯಿಲ್ಲವೆಂದು ಡಾಕ್ಟರಿಂದಲೇ ಒಂದು ಚೀಟಿ ಬರೆಸಿಕೊಂಡರೆ ಭಾನುವಾರ ಕೋಲು ಹಿಡಿದು ಮರ್ಯಾದೆಯಾಗಿ ಹತ್ತಬಹುದು. ಎಡಗಾಲಿನ ಹೆಸರು ಎಡಗಾಲಿಗೆ.

ಶಾಲೆಯ ಬಾಗಿಲಲ್ಲಿ ಅವನು ಬಲಗಾಲನ್ನು ಎತ್ತಿ ಹೊಸ್ತಿಲು ದಾಟಿಸುತ್ತಿದ್ದಾಗ ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದಂತಾಯಿತು. ತಿರುಗದೆಯೇ ಗೊತ್ತಾಯಿತು, ಎರ್ಸಿಲಿಯಾ. ಕ್ಷೌರಿಕ ತದ್ದೇಯೊನ ಮಗಳು. ಆ ಕಾಲಲ್ಲಿ ಏನೂ ಇರಲಿಲ್ಲ, ಒಂದು ನಾಯಿ ಅಟ್ಟಿಸಿಕೊಂಡು ಬಂದಿದ್ದರೆ ಅವತ್ತೇ ವಾಸಿಯಾಗುತ್ತಿತ್ತು ಎಂದು ಅವಳಪ್ಪ ಸಾಯುವವರೆಗೆ ಹೇಳುತ್ತಿದ್ದ. ಅಪ್ಪನ ಕತ್ತರಿ, ಬಟ್ಟಲು ಯಾರ್ಯಾರಿಗೋ ಹೋದವು. ಈ ಅನುಮಾನ ಮಾತ್ರ ಮಗಳಿಗೆ ಬಂತು. ಅರವತ್ತೆರಡು ವರ್ಷದಿಂದ ಅವಳು ಸಬಾತಿನೊನ ಕಾಲನ್ನು ನೋಡಿದಷ್ಟು ತನ್ನ ಗಂಡನ ಮುಖವನ್ನು ನೋಡಿರಲಿಲ್ಲ.

"ಸಬಾತಿನೊ, ಕುಂಟ್ತಾ ಇದ್ದೀಯಲ್ಲೋ," ಎಂದಳು. ದನಿಯಲ್ಲಿ ಹಬ್ಬವಿತ್ತು. ಆಮೇಲೆ ಬಗ್ಗಿ ನೋಡಿ, ಎಡ ಬಲ ಲೆಕ್ಕಹಾಕಿ, ಮುಖ ಸಪ್ಪಗೆ ಮಾಡಿಕೊಂಡಳು. "ಓ. ಬಲಗಾಲಾ?"

"ಬಲಗಾಲೇ," ಎಂದ ಸಬಾತಿನೊ. "ಎಡಗಾಲಿಗೇನು, ಕಲ್ಲು ಇದ್ದ ಹಾಗಿದೆ."

ಒಳಗೆ ಗೋಡೆಗುಂಟ ಕುರ್ಚಿಗಳು, ಮೇಲೆ ಕೋಲು, ನೆಲದ ಮೇಲೆ ಸಾಗಿಸಲು ಕಟ್ಟಿಟ್ಟ ಪೆಟ್ಟಿಗೆಗಳು. "ಕೊನೆಯವರು ಯಾರು?" ಎಂದು ಸಬಾತಿನೊ ಕೇಳಿದ. ರೊಟ್ಟಿಯಂಗಡಿಯ ನಿಕಾಂದ್ರೊ ಕೈಯೆತ್ತಿದ. ಅಂದರೆ ಸಬಾತಿನೊ ಅವನ ಹಿಂದೆ, ಎರ್ಸಿಲಿಯಾ ಸಬಾತಿನೊನ ಹಿಂದೆ. ಎಲ್ಲಿ ಬೇಕಾದರೂ ಕೂತುಕೊಳ್ಳಬಹುದು, ಹೊರಗೆ ಹೋಗಿ ಬಿಸಿಲು ಕಾಯಿಸಿಕೊಂಡೂ ಬರಬಹುದು, ತನ್ನ ಮುಂದಿನವರ ಮುಖ ನೆನಪಿದ್ದರೆ ಸಾಕು. ಗಾಣದ ಮೆಟ್ಟಿಲ ಕಾಲದಿಂದ ಹೀಗೇ ನಡೆದಿತ್ತು, ಯಾರೂ ಬರೆದಿಡದೆ ಯಾರೂ ತಪ್ಪದೆ. ಹೊಸ ಕಟ್ಟಡದಲ್ಲಿ ಒಂದು ಯಂತ್ರ ನಂಬರು ಉಗುಳುತ್ತದಂತೆ. ಯಂತ್ರಕ್ಕೆ ಎಲ್ಲರ ಮುಖವೂ ಒಂದೇ. ಸಬಾತಿನೊ ಕೋಲಿನ ಕೆಳಗಿನ ಕುರ್ಚಿಯಲ್ಲಿ ಕೂತ. ಅದು ಅವನದೇ ಕುರ್ಚಿ. ಬೇರೆ ಊರಿನವರು ಬಂದರೆ ನಿಕಾಂದ್ರೊ ಅಥವಾ ಇನ್ನಾರಾದರೂ ಮೇಲೆ ಕೋಲು ತೋರಿಸಿ, ಕೆಳಗೆ ಅವನನ್ನು ತೋರಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಅವನು ಎಡಗಾಲನ್ನು ಸ್ವಲ್ಪ ಮುಂದೆ ಚಾಚುತ್ತಿದ್ದ, ಕೇಳಿದವರಿಗೆ ಇಲ್ಲವೆನ್ನಬಾರದೆಂದು.

ಕಾಲು ಮೊದಲು ಕುಂಟಿದ್ದು ಒಂದು ಮಂಗಳವಾರ. ಬೆಲ್ಜಿಯಮ್ಮಿನ ಕಲ್ಲಿದ್ದಲ ಗಣಿಗೆ ಆಳು ಹುಡುಕುವವನು ಸೋಮವಾರ ಬಂದು ಅಪ್ಪನ ಜೊತೆ ವೈನು ಕುಡಿದು, ಇಬ್ಬರು ಮಕ್ಕಳಲ್ಲಿ ದೊಡ್ಡವನ ಭುಜ ತಟ್ಟಿ ಹೋಗಿದ್ದ. ಪಕ್ಕದೂರಿನಿಂದ ಹೋದವರಲ್ಲಿ ಕೆಲವರು ಪೆಟ್ಟಿಗೆಯಲ್ಲಿ ಬಂದಿದ್ದರು, ಕೆಲವರು ಪೆಟ್ಟಿಗೆಯಲ್ಲೂ ಬಂದಿರಲಿಲ್ಲ. ಸಬಾತಿನೊ ರಾತ್ರಿಯೆಲ್ಲ ಮಣ್ಣಿನ ಕೆಳಗೆ ಇದ್ದವನಂತೆ ಬೆವತ. ಬೆಳಿಗ್ಗೆ ಎದ್ದಾಗ ಎಡಗಾಲು ಕುಂಟಿತು. ತಾನು ಕುಂಟಿಸಿದೆ ಎಂದು ಅವನಿಗೆ ಇವತ್ತಿಗೂ ಪೂರ್ತಿ ಅನ್ನಿಸುವುದಿಲ್ಲ. ಕಾಲು ಶುರುಮಾಡಿತು, ತಾನು ತಡೆಯಲಿಲ್ಲ, ಅಷ್ಟೇ. ಅಪ್ಪ ಬೈದ, ಅಮ್ಮ ಎಣ್ಣೆ ತಿಕ್ಕಿದಳು, ತದ್ದೇಯೊ ಬಂದು ಜಿಗಣೆ ಹಚ್ಚಿ, ಜಿಗಣೆ ಹೊಟ್ಟೆತುಂಬ ಕುಡಿದು ಬಿದ್ದ ಮೇಲೆ ಅವನ ಮುಖವನ್ನೇ ನೋಡಿ ಹೂಂ ಅಂದ. ಆ ಹೂಂಕಾರಕ್ಕೆ ಹೆದರಿ ಸಬಾತಿನೊ ಹೊಸ ಡಾಕ್ಟರ ಬಾಗಿಲು ತಟ್ಟಿದ್ದು. ಪುಸ್ತಕ ಓದುವವರನ್ನು ಮೋಸಗೊಳಿಸುವುದು ಸುಲಭ ಎಂದುಕೊಂಡಿದ್ದ. ಅಮೆದೆಯೊ ಡಾಕ್ಟರು ಕಾಲನ್ನು ಮಡಚಿ ಬಿಚ್ಚಿ, ತಟ್ಟಿ ತಿರುವಿ, ಬಹಳ ಗಂಭೀರವಾದ ಕೇಸು ಎಂದು ತಲೆಯಾಡಿಸಿದರು. ಕುದುರೆಗೆ ಚುಚ್ಚುವಂಥ ಒಂದು ಸೂಜಿಯನ್ನು ಕುದಿಯುವ ನೀರಿನಿಂದ ಎತ್ತಿದರು. ಪ್ರತಿ ಗುರುವಾರ ಹೇಗಿದೆ ಎಂದು ಕೇಳುವರು, ಅವನು ಹಾಗೇ ಇದೆ ಎನ್ನುವನು. ಹಾಗಾದರೆ ಮುಂದಿನ ವಾರ ಇನ್ನಷ್ಟು ದಪ್ಪದ್ದು ನೋಡೋಣ ಎಂದು ಅವರು ಬೇಸರಿಸದೆ ಹೇಳುವರು. ಆ ಪಾಪದ ಮನುಷ್ಯನಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂದು ಬೋರಲು ಮಲಗಿ ಹಲ್ಲು ಕಚ್ಚಿಕೊಂಡು ಅವನು ಮರುಗಿದ್ದ. ಒಂಬತ್ತನೆಯ ಗುರುವಾರದ ಮಾರನೆಯ ದಿನ ಬೆಲ್ಜಿಯಮ್ಮಿನ ರೈಲು ಹೊರಟಿತು. ಅದರಲ್ಲಿ ತಮ್ಮ ದೊನಾತೊ ಹೋದ. ಹತ್ತೊಂಬತ್ತು ವರ್ಷದವನು. ಕುಂಟನಿಗೆ ಒಳ್ಳೆಯ ಬೂಟು ಯಾಕೆಂದು ಅಪ್ಪ ಸಬಾತಿನೊನ ಬೂಟುಗಳನ್ನೇ ಅವನ ಕಾಲಿಗೆ ಹಾಕಿ ಕಳಿಸಿದ. ಅದಾಗಿ ಎರಡೇ ದಿನಕ್ಕೆ, ಭಾನುವಾರ, ಸಬಾತಿನೊ ವಾಸಿಯಾದ.

"ನಿನ್ನ ಸರದಿ ಕಣಯ್ಯ," ಎಂದ ಯಾರೋ. ನಿಕಾಂದ್ರೊ ಒಳಗೆ ಹೋಗಿ ಬಂದೂ ಆಗಿತ್ತು. ಸಬಾತಿನೊ ಬಾಗಿಲನ್ನು ನೋಡಿದ, ಹತ್ತು ಹೆಜ್ಜೆ ದೂರ. ಆಗ ತಾನೇ ಮಗುವನ್ನು ಎತ್ತಿಕೊಂಡು ಬಂದವಳಿಗೆ, ನೀನು ಹೋಗಮ್ಮ, ಮಗು ಅಳ್ತಾ ಇದೆ ಎಂದ. ಮಗು ಅಳುತ್ತಿರಲಿಲ್ಲ. ಆಮೇಲೆ ಅಂಚೆಯವನಿಗೆ ಕೆಲಸಕ್ಕೆ ತಡವಾಗುತ್ತದೆಂದು ಬಿಟ್ಟುಕೊಟ್ಟ. ಅವನದು ರಜೆಯ ದಿನವಾಗಿತ್ತು. ಹೀಗೆ ನಾಲ್ಕು ಜನ ಅವನನ್ನು ದಾಟಿ ಹೋದರು. ಎರ್ಸಿಲಿಯಾಗೂ ಬಿಟ್ಟುಕೊಡಲು ಹೋದ. ಅವಳು ಕೈಚೀಲವನ್ನು ಮಡಿಲಲ್ಲಿ ಭದ್ರವಾಗಿ ಇಟ್ಟುಕೊಂಡು, ನನ್ನ ಬಿಪಿ ಎಲ್ಲಿಗೂ ಓಡಿಹೋಗೋದಿಲ್ಲ, ನಿನ್ನ ಹಿಂದೆ ಬಂದೋಳು ನಿನ್ನ ಹಿಂದೆಯೇ ಹೋಗ್ತೀನಿ, ನೀನು ಎದ್ದು ನಡೆಯೋದನ್ನ ಒಂದ್ಸಲ ನೋಡ್ಬೇಕು ಎಂದಳು. ಕುರ್ಚಿಯಲ್ಲಿದ್ದವರೆಲ್ಲ ನಕ್ಕರು. ಸಬಾತಿನೊನೂ ನಕ್ಕ. ನಗುವಾಗ ಯಾವ ಕಾಲನ್ನು ಸವರಿಕೊಳ್ಳಬೇಕು ಎಂದು ಒಂದು ಕ್ಷಣ ಮರೆತು, ಎಡಗಾಲಿನ ಮೇಲೆ ಇಟ್ಟ ಕೈಯನ್ನು ಹುಷಾರಾಗಿ ಬಲಗಾಲಿಗೆ ದಾಟಿಸಿದ. ಎರ್ಸಿಲಿಯಾ ಅದನ್ನೂ ನೋಡಿದಳು.

ಎರ್ಸಿಲಿಯಾ ಕೂತಿದ್ದ ಆ ಕುರ್ಚಿಯಲ್ಲಿಯೇ ದೊನಾತೊ ಕೂರುತ್ತಿದ್ದ. ಹದಿನಾಲ್ಕು ವರ್ಷ ಕಲ್ಲಿದ್ದಲು ಅಗೆದು, ಎದೆಯ ಒಳಗೆಲ್ಲ ಅದರ ಧೂಳು ಕೂರಿಸಿಕೊಂಡು ಊರಿಗೆ ಬಂದಾಗ ದವಾಖಾನೆಯಲ್ಲಿ ಅಮೆದೆಯೊ ಡಾಕ್ಟರ ಮಗ ಲುದೊವೀಕೊ ಇದ್ದರು. ಅವರ ಕಾಲದಲ್ಲಿಯೇ ದವಾಖಾನೆ ಬೆಳೆದದ್ದು. ಟೆಲಿಫೋನು ಬಂತು, ತೂಕದ ಯಂತ್ರ ಬಂತು, ಬಿಳಿ ಟೊಪ್ಪಿಯ ನರ್ಸು ಬಂದಳು, ಸರ್ಕಾರದವರು ಪ್ರತಿಯೊಬ್ಬನೂ ತನ್ನ ಡಾಕ್ಟರನ್ನು ತಾನೇ ಆರಿಸಿ ಬರೆಸಿಕೊಳ್ಳಬೇಕೆಂದಾಗ ಮೂರು ಊರಿನವರು ಬಂದು ಇವರ ಹೆಸರೇ ಬರೆಸಿದರು. ಯಾಕೆಂದು ಕೇಳಿದರೆ ಗೋಡೆಯ ಕೋಲು ತೋರಿಸುತ್ತಿದ್ದರು. ದೊನಾತೊ ಮಾತ್ರ ಕೋಲನ್ನು ತಲೆಯೆತ್ತಿ ನೋಡುತ್ತಿರಲಿಲ್ಲ. ಅಣ್ಣನ ಪಕ್ಕ ಕೂತು ಕರವಸ್ತ್ರಕ್ಕೆ ಕೆಮ್ಮುತ್ತಿದ್ದ. ತೋಟದ ಮಾತು, ದ್ರಾಕ್ಷಿಯ ಮಾತು ಆಡುತ್ತಿದ್ದ. ಸಾಯುವ ತನಕ ಹನ್ನೊಂದು ವರ್ಷ ಹಾಗೆ ಪಕ್ಕಪಕ್ಕ ಕೂತದ್ದರಲ್ಲಿ ಒಂದೇ ಒಂದು ಸಲ, ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು, "ನಿನ್ನ ಕಾಲು ಚೆನ್ನಾಗಿ ನಡೀತದೆ ಕಣೋ," ಎಂದಿದ್ದ. ಅದರಲ್ಲಿ ಕೊಂಕಿತ್ತೋ ಇರಲಿಲ್ಲವೋ ಎಂದು ಸಬಾತಿನೊ ಆ ಮಾತನ್ನು ಎಷ್ಟು ವರ್ಷ ಆ ಕಡೆ ಈ ಕಡೆ ಹೊರಳಿಸಿ ನೋಡಿದರೂ ಬಗೆಹರಿದಿರಲಿಲ್ಲ. ಸಬಾತಿನೊನ ಹೆಂಡತಿ ಅಸ್ಸುಂತಾ ತೀರಿಹೋಗುವ ತನಕ ಆ ಭಾನುವಾರದ ತಾರೀಕಿಗೆ ಪ್ರತಿವರ್ಷ ಮೇಣದ ಬತ್ತಿ ಹಚ್ಚುತ್ತಿದ್ದಳು, ದೇವರು ಡಾಕ್ಟರ ಕೈಯಲ್ಲಿ ಇಳಿದು ಬಂದ ದಿನವೆಂದು. ಅವನು ಪಕ್ಕದಲ್ಲಿ ಟೊಪ್ಪಿ ತೆಗೆದು ನಿಲ್ಲುತ್ತಿದ್ದ. ಬತ್ತಿ ಉರಿದು ಮುಗಿಯಲು ಎಷ್ಟು ಹೊತ್ತು ಬೇಕು ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಇರೇನೆಯೇ ಬಾಗಿಲು ತೆರೆದು, ಅಜ್ಜ, ಇವತ್ತು ಒಳಗೆ ಬರ್ತೀರೋ ಇಲ್ಲ ಕುರ್ಚಿ ಸಮೇತ ಪೆಟ್ಟಿಗೆಗೆ ಹಾಕ್ಲೋ ಎಂದು ಕೇಳಿದಳು. ಸಬಾತಿನೊ ಎದ್ದ. ಹತ್ತು ಹೆಜ್ಜೆ. ಬಲಗಾಲನ್ನು ಎಷ್ಟು ಚಂದವಾಗಿ ಕುಂಟಿಸಿದನೆಂದರೆ ಎರ್ಸಿಲಿಯಾ ಕೂಡ ಅಯ್ಯೋ ಪಾಪ ಎಂದಳು. ಎಡಗಾಲಿನ ಕೂಗನ್ನು ಅವನು ಹಲ್ಲಿನ ನಡುವೆಯೇ ಹಿಡಿದಿಟ್ಟ. ಬಾಗಿಲು ಮುಚ್ಚಿದ ಮೇಲೆ ಕೂತು, ಬೆವರೊರೆಸಿಕೊಂಡು, ಬಲಗಾಲಿನ ದೂರನ್ನು ಒಪ್ಪಿಸಿದ. ಮಂಡಿಯಿಂದ ಕೆಳಗೆ ಜುಮುಜುಮು, ಮೇಲೆ ಸೆಳೆತ, ಮೆಟ್ಟಿಲು ಹತ್ತಲು ಆಗೋದಿಲ್ಲ, ಭಾನುವಾರಕ್ಕೆ ಒಂದು ಕೋಲು ಬರೆದುಕೊಟ್ಟರೆ ಸಾಕು ಎಂದ. ಹೊರಗೆ ಸಿಕ್ಕಿದಾಗ ಮಗಳೇ ಎನ್ನುತ್ತಿದ್ದವನು ಒಳಗೆ ಡಾಕ್ಟರಮ್ಮ, ನೀವು ಎಂದೇ ಮಾತಾಡಿದ.

ಅವಳು ಅವಸರ ಮಾಡಲಿಲ್ಲ. ಬಲಗಾಲನ್ನು ಮಂಚದ ಮೇಲೆ ಇರಿಸಿಕೊಂಡು ಮಡಚಿದಳು, ಬಿಚ್ಚಿದಳು, ಸಣ್ಣ ಸುತ್ತಿಗೆಯಿಂದ ಮಂಡಿಗೆ ತಟ್ಟಿದಳು. ಕಾಲು ಕುಣಿಯಿತು. ಸೊಂಟದ ಕೀಲು ಹೊರಳಿಸಿದಳು, ಹೊಸ ಬಾಗಿಲಿನ ಹಾಗೆ ಹೊರಳಿತು. ನೋಯಬೇಕಾದಲ್ಲಿ ಅವನು ಹಾ ಎಂದ, ಒಂದೆರಡು ಕಡೆ ತಡವಾಗಿ ಎಂದ. ಅವಳ ಬೆರಳುಗಳು ಅಮೆದೆಯೊ ಡಾಕ್ಟರ ಬೆರಳಿನ ಹಾಗೆಯೇ ತಣ್ಣಗಿದ್ದವು. ಬಹಳ ಗಂಭೀರವಾದ ಕೇಸು ಎಂದು ತಲೆಯಾಡಿಸಿದಳು. ಆ ಮಾತು ಕೇಳಿ ಸಬಾತಿನೊನ ಹಿಂಭಾಗ ತಾನಾಗಿಯೇ ಬಿಗಿಯಾಯಿತು. ಅವಳು ಕೈ ತೊಳೆದುಕೊಂಡು, ನೆಲದ ಮೇಲಿನ ಒಂದು ಪೆಟ್ಟಿಗೆಯಿಂದ ಹಳದಿಗಟ್ಟಿದ ಒಂದು ದಪ್ಪ ಕಾರ್ಡು ತೆಗೆದು ಅವನ ಮುಂದಿಟ್ಟಳು. ಸಾಗಿಸಲು ಕಾಗದ ಜೋಡಿಸುವಾಗ ಎಲ್ಲಕ್ಕಿಂತ ತಳದಲ್ಲಿ ಸಿಕ್ಕಿತು, ಒಂದನೇ ನಂಬರಿನ ಕಾರ್ಡು, ಮೂಲೆಯಲ್ಲಿ ಎಣ್ಣೆ ಕಲೆ ಇದೆ ನೋಡಿ ಎಂದಳು. ಸಬಾತಿನೊ ಮೂರನೇ ಕ್ಲಾಸಿನವರೆಗೆ ಓದಿದವನು. ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ.

ಮೊದಲಿನದು ಅಮೆದೆಯೊ ಡಾಕ್ಟರ ಬರಹ, ನೀಲಿ ಶಾಯಿ. ಎಡಗಾಲಲ್ಲಿ ಏನೂ ಇಲ್ಲ. ಹೆದರಿಕೆ ಇದೆ. ಬರೀ ನೀರಿನ ಸೂಜಿ, ತಾನಾಗಿ ಬಿಡುವವರೆಗೆ. ಅದರ ಕೆಳಗೆ ಒಂಬತ್ತು ತಾರೀಕುಗಳು, ಪ್ರತಿಯೊಂದರ ಮುಂದೆ ಸೂಜಿಯ ಗಾತ್ರ. ಕೊನೆಯಲ್ಲಿ, ಬಿಟ್ಟ. ಅದಕ್ಕೂ ಕೆಳಗೆ ಕಪ್ಪು ಶಾಯಿಯಲ್ಲಿ ಲುದೊವೀಕೊ ಡಾಕ್ಟರ ಅಕ್ಷರ. ಬೂಟಿನ ಅಟ್ಟೆ ಎರಡೂ ಸಮನಾಗಿ ಸವೆದಿತ್ತು, ಕುಂಟುವವನದು ಹಾಗೆ ಸವೆಯುವುದಿಲ್ಲ, ರೈಲಿನಲ್ಲೇ ನೋಡಿದೆ ಎಂದು ತಮ್ಮ ಹೇಳಿದ. ಅಣ್ಣನಿಗೆ ಗೊತ್ತಾಗಬಾರದು ಅಂದ.

ಸಬಾತಿನೊ ಆ ಎರಡನೆಯ ಬರಹದ ಮೇಲೆ ಇಟ್ಟ ಬೆರಳನ್ನು ತೆಗೆಯಲಿಲ್ಲ. ಕೋಣೆಯಲ್ಲಿ ಎಣ್ಣೆಯ ವಾಸನೆ ಬಂದ ಹಾಗಾಯಿತು, ಅಥವಾ ಕಾರ್ಡಿನಿಂದಲೇ ಬರುತ್ತಿತ್ತೋ ಏನೋ. ತಾನು ಒಬ್ಬ ಡಾಕ್ಟರನ್ನು ಮೋಸಗೊಳಿಸಿದೆ ಎಂದು ಅರವತ್ತೆರಡು ವರ್ಷ ಎದೆಯಲ್ಲಿ ಕಟ್ಟಿಕೊಂಡಿದ್ದ ಗಂಟಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತೆಂದು, ಅದು ಬಿಚ್ಚಿ ಬಿದ್ದ ಮೇಲೆ ಅವನಿಗೆ ಗೊತ್ತಾಯಿತು. ಮೂರು ತಲೆಮಾರು ಡಾಕ್ಟರುಗಳು ಇದೇ ಕಾರ್ಡು ಓದಿಕೊಂಡು, ಹೊರಗೆ ಅವನು ಕೋಲಿನ ಕೆಳಗೆ ಕಾಲು ಚಾಚಿ ಕೂತಿರುವುದನ್ನು ಬಾಗಿಲ ಸಂದಿಯಿಂದ ನೋಡಿ ನಕ್ಕಿರಬಹುದು. ನಕ್ಕಿರಲಿ. ಆದರೆ ದೊನಾತೊ. ಆ ಬೂಟು ಹಾಕಿಕೊಂಡು, ಗೊತ್ತಿದ್ದೂ ಗಣಿಗೆ ಇಳಿದ. ಮಿಲಾನಿನಲ್ಲಿ ರೈಲಿನಿಂದ ಇಳಿದು ವಾಪಸು ಬಂದು ಅಪ್ಪನ ಮುಂದೆ ಬೂಟು ಬೋರಲು ಹಾಕಿದ್ದರೆ ಸಾಕಿತ್ತು. ಬರಲಿಲ್ಲ. ಹೆದರಿಕೆ ಇದೆ ಎಂದು ಅವನಿಗೂ ಗೊತ್ತಾಗಿತ್ತೇನೋ, ಡಾಕ್ಟರಿಗೆ ಗೊತ್ತಾದ ಹಾಗೆ. ನಿನ್ನ ಕಾಲು ಚೆನ್ನಾಗಿ ನಡೀತದೆ ಕಣೋ. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಎಷ್ಟೋ ಹಗುರವಾಗಿತ್ತು.

ಇರೇನೆ ಕಿಟಕಿಯ ಕಡೆ ಮುಖ ಮಾಡಿ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದಳು. ಅವನು ಮೂಗು ಒರೆಸಿಕೊಂಡು ಮುಗಿಸುವವರೆಗೆ ಗಂಟು ಬಿಗಿಯುತ್ತಲೇ ಇದ್ದಳು. ಆಮೇಲೆ ತಿರುಗಿದಳು.

"ಅಜ್ಜ, ಆವತ್ತು ನನ್ನ ತಾತ ನಿಮ್ಮ ಎಡಗಾಲು ನೋಡಿದ್ರು, ಏನೂ ಇರ್ಲಿಲ್ಲ. ಇವತ್ತು ನಾನು ಬಲಗಾಲು ನೋಡಿದೆ, ಏನೂ ಇಲ್ಲ. ಎರಡು ವರ್ಷದಿಂದ ಈ ಕಿಟಕೀಲಿ ನೋಡ್ತಾ ಇದೀನಿ, ಚರ್ಚಿನ ಮೂಲೆ ಬಂದ ತಕ್ಷಣ ಸಿಪಾಯಿ ಥರ ಆಗ್ತೀರ. ಸೋಮವಾರ ಕೋಲಿಲ್ದೆ ಹತ್ತಿ ಅಂದಿದ್ದೂ ಅದಕ್ಕೇ, ನೀವಾಗೇ ಬಂದು ಹೇಳ್ತೀರ ಅಂತ. ಈಗ ನಿಜವಾಗಿ ನೋಯ್ತಿರೋದನ್ನ ತೋರ್ಸಿ."

"ಅದು ವಾಸಿಯಾದ ಕಾಲು," ಎಂದ ಸಬಾತಿನೊ, ಮಗುವಿನ ಹಾಗೆ.

"ಅರವತ್ತೆರಡು ವರ್ಷ ನಡೆದ ಕಾಲು ಸವೆದ್ರೆ ತಾತನ ಹೆಸರು ಹೋಗಲ್ಲ. ಏನೂ ಇಲ್ದಿರೋ ಕಾಲಿಗೆ ನಾನು ಚೀಟಿ ಬರೆದ್ರೆ ಹೋಗ್ತದೆ."

ಅವನು ಬಲಗಾಲಿನ ಪ್ಯಾಂಟು ಇಳಿಸಿಕೊಂಡು ಎಡಗಾಲಿನದನ್ನು ಏರಿಸಿದ. ಅವಳು ಸೊಂಟದ ಕೀಲಿಗೆ ಕೈಯಿಟ್ಟಳು ಅಷ್ಟೇ, ಅವನಿಂದ ಹೊರಟ ಕೂಗು ಎಲ್ಲೂ ತಡವಾಗಲಿಲ್ಲ. ಕೀಲು ಸವೆದಿದೆ, ಪಟ್ಟಣದ ಆಸ್ಪತ್ರೆಯಲ್ಲಿ ಫೋಟೋ ತೆಗೆಸೋಣ, ಬೇಸಿಗೆಯೊಳಗೆ ಹೊಸದು ಹಾಕಿಸಬಹುದು ಎಂದಳು. ಚೀಟಿ ಬರೆಯಲು ಕೂತವಳು, ಕೋಲಿಗೆ ಚೀಟಿ ಯಾಕೆ, ಹೊರಗೆ ಗೋಡೆಯ ಮೇಲೆ ನಿಮ್ಮದೇ ಇದೆಯಲ್ಲ, ಹೋಗುವಾಗ ತಗೊಂಡು ಹೋಗಿ, ಭಾನುವಾರ ಅದನ್ನೇ ಹಿಡಿದು ಹತ್ತಿ ಎಂದಳು. ಭಾನುವಾರ ಜನಕ್ಕೆ ಏನು ಹೇಳಲಿ ಎಂದು ಅವನು ಕೇಳಿದ. ಹೇಳುವುದು ಬಿಡುವುದು ನಿಮ್ಮ ಕಾಲು, ನಿಮ್ಮ ಇಷ್ಟ ಎಂದು ಅವಳು ಕಾರ್ಡನ್ನು ಅವನ ಕೈಗೇ ಕೊಟ್ಟಳು. ಅವನು ಅದನ್ನು ಕೋಟಿನ ಒಳಜೇಬಿನಲ್ಲಿ, ಎದೆಯ ಕಡೆಯ ಜೇಬಿನಲ್ಲಿ, ಎರಡು ಸಲ ಮುಟ್ಟಿ ನೋಡಿ ಇಟ್ಟುಕೊಂಡ.

ಬಾಗಿಲು ತೆರೆದು ಹೊರಗೆ ಕಾಲಿಟ್ಟಾಗ ಕಾಯುವವರೆಲ್ಲ ತಲೆಯೆತ್ತಿದರು. ಸಬಾತಿನೊ ಎಡಗಾಲನ್ನು ಅದು ಹೇಗೆ ಬರುತ್ತದೋ ಹಾಗೇ ಬರಲು ಬಿಟ್ಟ. ಎಳೆದುಕೊಂಡು ಬಂತು. ಬಲಗಾಲು ಗಟ್ಟಿಯಾಗಿ ನೆಲಕ್ಕೆ ಊರಿ ಅದನ್ನು ಹೊತ್ತಿತು. ಎಷ್ಟು ಸುಖವಾಗಿತ್ತೆಂದರೆ, ಹತ್ತು ಹೆಜ್ಜೆ ಬೇಗ ಮುಗಿಯಿತಲ್ಲ ಎನ್ನಿಸಿತು. ತನ್ನ ಕುರ್ಚಿಯ ಮುಂದೆ ನಿಂತು ಮೇಲೆ ಕೈಚಾಚಿ ಕೋಲನ್ನು ಮೊಳೆಗಳಿಂದ ಇಳಿಸಿದ. ಅದರ ಮೇಲೆ ಕೂತಿದ್ದ ಧೂಳು ಟೊಪ್ಪಿಯ ಮೇಲೆ ಸುರಿಯಿತು. ಇಪ್ಪತ್ತೊಂದರ ಹುಡುಗನ ಅಳತೆಗೆ ಕತ್ತರಿಸಿದ ಕೋಲು ಈಗ ಅವನಿಗೆ ಒಂದು ಗೇಣು ಹೆಚ್ಚು ಉದ್ದವಾಗಿತ್ತು. ಎರ್ಸಿಲಿಯಾ ಎದ್ದು ನಿಂತಳು. ಅವಳ ಕಣ್ಣು ಎಡಗಾಲಿಗೆ ಹೋಯಿತು, ಬಲಗಾಲಿಗೆ ಬಂತು, ಮತ್ತೆ ಎಡಗಾಲಿಗೆ ಹೋಯಿತು.

"ಏಯ್ ಸಬಾತಿನೊ," ಎಂದಳು. "ಒಳಗೆ ಹೋಗುವಾಗ ಬಲಗಾಲಲ್ವೇನೋ ಕುಂಟ್ತಾ ಇದ್ದಿದ್ದು?"

ಸಬಾತಿನೊ ಕೋಲನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿ, ಟೊಪ್ಪಿಯ ಧೂಳು ಕೊಡವಿಕೊಂಡ.

"ಹೌದು," ಎಂದ. "ಅದನ್ನ ಡಾಕ್ಟರಮ್ಮ ವಾಸಿ ಮಾಡಿದ್ಲು."